ಗಣಿತಕ್ಕಿಂತ ಗಡುವು ಮುಖ್ಯ: ಮೈಕ್ರೊಕಂಟ್ರೋಲರ್ ಮೇಲೆ ನಮ್ಮದೇ ಆಡಿಯೋ ಕೋಡ್

ಮೈಕ್ರೊಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್, ಅದರ ಮೇಲೆ ಆಡಿಯೋ ಕೋಡ್ ಬರೆಯೋಣ ಅಂದರೆ ಜಾಸ್ತಿ ಜನ ಹೆದರುವುದು ಗಣಿತಕ್ಕೆ. ಝಡ್ ಟ್ರಾನ್ಸ್‌ಫಾರ್ಮ್, ಫೂರಿಯರ್, ಪೋಲ್, ಝೀರೋ ಎಲ್ಲ ಅರೆದು ಕುಡಿದ ಮೇಲೇ ಇದಕ್ಕೆ ಕೈ ಹಾಕಬೇಕು ಅಂತ ಒಂದು ನಂಬಿಕೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಬೇಕಾಗುವ ಗಣಿತದಲ್ಲಿ ಬಹುಪಾಲು ಕೂಡುವುದು, ಗುಣಿಸುವುದು, ಹಿಂದಿನ ಒಂದೆರಡು ಬೆಲೆ ನೆನಪಿಟ್ಟುಕೊಳ್ಳುವುದು, ಅಷ್ಟೇ. ನಿಜವಾದ ಕಷ್ಟ ಇರುವುದು ಸಮಯದಲ್ಲಿ. ಸದ್ದನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದಾಗ ಸಿಗುವ ಒಂದೊಂದು ಸಂಖ್ಯೆಯೇ ಒಂದು ಸ್ಯಾಂಪಲ್, 48 ಕಿಲೋಹರ್ಟ್ಜ್ ಅಂದರೆ ಸೆಕೆಂಡಿಗೆ 48,000 ಸಲ. 48 ಕಿಲೋಹರ್ಟ್ಜ್‌ನಲ್ಲಿ ಒಂದು ಸ್ಯಾಂಪಲ್‌ಗೂ ಮುಂದಿನದಕ್ಕೂ ನಡುವೆ ಇರುವುದು 20.83 ಮೈಕ್ರೊಸೆಕೆಂಡ್. ಈ ಲೆಕ್ಕದಲ್ಲಿ ಕೆಲಸ ಮುಗಿಯದಿದ್ದರೆ ಸ್ಪೀಕರಿನಲ್ಲಿ ಟಕ್ ಅಂತ ಸದ್ದು ಬರುತ್ತದೆ, ಅದನ್ನು ಕಿವಿ ಖಂಡಿತ ಹಿಡಿಯುತ್ತದೆ. ಬೇರೆ ಪ್ರೋಗ್ರಾಮು ಸ್ವಲ್ಪ ನಿಧಾನವಾದರೆ ನಿಧಾನ ಅಷ್ಟೇ. ಇಲ್ಲಿ ತಡವಾಗಿ ಬಂದ ಸರಿ ಉತ್ತರವೂ ತಪ್ಪು ಉತ್ತರವೇ.

ಮೊದಲು, ಇದನ್ನು ಯಾಕೆ ನಾವೇ ಬರೆಯಬೇಕು? ಟೀನ್ಸಿ ಅನ್ನುವ ಮೈಕ್ರೊಕಂಟ್ರೋಲರ್ ಬೋರ್ಡಿನ ಆಡಿಯೋ ಲೈಬ್ರರಿಯಲ್ಲಿ ಮಿಕ್ಸರ್, ಫಿಲ್ಟರ್, ರಿವರ್ಬ್, ಆಸಿಲೇಟರ್ ಎಲ್ಲ ಸಿದ್ಧವಾಗಿ ಸಿಗುತ್ತವೆ. ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್‌ಗೆ ಜೋಡಿಸಿದರೆ ಆಯಿತು. ತುಂಬ ಒಳ್ಳೆಯ ಲೈಬ್ರರಿ, ಅದರ ಸೋರ್ಸ್ ಓದಿಯೇ ನಾನು ಎಷ್ಟೋ ವಿಷಯ ಕಲಿತಿದ್ದೇನೆ. ಆದರೆ ಅದು ಸ್ಯಾಂಪಲ್‌ಗಳನ್ನು ಒಂದೊಂದಾಗಿ ಸಾಗಿಸುವುದಿಲ್ಲ, 128ರ ಬ್ಲಾಕ್ ಮಾಡಿ ಸಾಗಿಸುತ್ತದೆ. 44.1 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಅಂದರೆ 2.9 ಮಿಲಿಸೆಕೆಂಡ್. ಔಟ್‌ಪುಟ್ಟನ್ನು ತಿರುಗಿಸಿ ಹಿಂದಿನ ಬ್ಲಾಕಿಗೇ ಕೊಟ್ಟರೆ, ಅಂದರೆ ಫೀಡ್‌ಬ್ಯಾಕ್ ಮಾಡಿದರೆ, ಆ ಸುತ್ತಿನಲ್ಲಿ ಕನಿಷ್ಠ 2.9 ಮಿಲಿಸೆಕೆಂಡ್ ತಡ ಇದ್ದೇ ಇರುತ್ತದೆ. ಅದಕ್ಕಿಂತ ಕಡಿಮೆ ತಡದ ಫೀಡ್‌ಬ್ಯಾಕ್ ಬೇಕು ಅಂದರೆ ಹೊರಗಿನ ವೈರಿಂಗ್‌ನಿಂದ ಸಾಧ್ಯವೇ ಇಲ್ಲ. ಸುತ್ತು ಒಂದೇ ಫಂಕ್ಷನ್ನಿನ ಒಳಗೆ, ಸ್ಯಾಂಪಲ್ ಸ್ಯಾಂಪಲ್ ಆಗಿ ನಡೆಯಬೇಕು.

ಕಾರ್ಪ್ಲಸ್-ಸ್ಟ್ರಾಂಗ್ ತಂತಿ ಇದಕ್ಕೆ ಒಳ್ಳೆಯ ಉದಾಹರಣೆ. ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ವಿಧಾನ ಇದು. ಒಂದು ಚಿಕ್ಕ ಡಿಲೇ ಬಫರ್, ಅಂದರೆ ಸ್ಯಾಂಪಲ್‌ಗಳನ್ನು ಸ್ವಲ್ಪ ಹೊತ್ತು ಹಿಡಿದಿಡುವ ಮೆಮೊರಿ, ತಗೊಂಡು ಅದರ ತುಂಬ ಗದ್ದಲ, ಅಂದರೆ ರ‍್ಯಾಂಡಮ್ ಸಂಖ್ಯೆಗಳನ್ನು ತುಂಬಿ. ಆಮೇಲೆ ಪ್ರತಿ ಸ್ಯಾಂಪಲ್ ಹೊರಗೆ ಬಂದಾಗ ಅದರ ಮತ್ತು ಪಕ್ಕದ ಸ್ಯಾಂಪಲ್‌ನ ಸರಾಸರಿ ತೆಗೆದು ವಾಪಸ್ ಬಫರಿಗೆ ಹಾಕುತ್ತಾ ಹೋಗಿ. ಇಷ್ಟಕ್ಕೇ ಮೀಟಿದ ತಂತಿಯ ಸದ್ದು ಬರುತ್ತದೆ! ನಾಲ್ಕೈದು ಸಾಲಿನ ಕೋಡಿಗೆ ಇಷ್ಟು ಜೀವ ಇರುವ ಸದ್ದು ಕೊಡುವ ಬೇರೆ ವಿಧಾನ ನನಗೆ ಗೊತ್ತಿಲ್ಲ. ಬಫರಿನ ಉದ್ದವೇ ಶ್ರುತಿ. 48 ಕಿಲೋಹರ್ಟ್ಜ್‌ನಲ್ಲಿ 440 ಹರ್ಟ್ಜ್ ಬೇಕಾದರೆ ಸುತ್ತಿನ ಉದ್ದ 109.09 ಸ್ಯಾಂಪಲ್ ಆಗಬೇಕು. ನೋಡಿ, ಇದು ಆಗಲೇ 128ಕ್ಕಿಂತ ಕಡಿಮೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸರಾಸರಿ ತೆಗೆಯುವುದರಿಂದಲೇ ಅರ್ಧ ಸ್ಯಾಂಪಲ್ ತಡ ಸೇರುತ್ತದೆ, ಹಾಗಾಗಿ ಬಫರಿನ ಉದ್ದ 108.59 ಇರಬೇಕು. ಬಫರಿಗೆ ಪೂರ್ಣಾಂಕದ ಉದ್ದ ಮಾತ್ರ ಸಾಧ್ಯ. 109 ಇಟ್ಟರೆ 438.4 ಹರ್ಟ್ಜ್, 108 ಇಟ್ಟರೆ 442.4 ಹರ್ಟ್ಜ್. ಎರಡೂ ಬೇಸುರವೇ, ಮೇಲಿನ ಸ್ವರಗಳಿಗೆ ಹೋದಂತೆ ಇದು ಇನ್ನೂ ಜಾಸ್ತಿಯಾಗುತ್ತದೆ. ಉಳಿದ ಭಿನ್ನಾಂಶವನ್ನು, ಸದ್ದಿನ ಬಲ ಮುಟ್ಟದೆ ತಡ ಮಾತ್ರ ಸೇರಿಸುವ ಒಂದು ಆಲ್‌ಪಾಸ್ ಫಿಲ್ಟರ್ ಹಾಕಿ ತುಂಬಬೇಕು. ಅಕ್ಕಪಕ್ಕದ ಎರಡು ಸ್ಯಾಂಪಲ್ ನಡುವೆ ನೇರ ಗೆರೆ ಎಳೆದು ಬೆಲೆ ತೆಗೆಯುವ ಲೀನಿಯರ್ ಇಂಟರ್ಪೊಲೇಶನ್ ಸುಲಭ ನಿಜ, ಆದರೆ ಅದು ಪ್ರತಿ ಸುತ್ತಿನಲ್ಲೂ ಮೇಲಿನ ಫ್ರೀಕ್ವೆನ್ಸಿಗಳನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ, ಫೀಡ್‌ಬ್ಯಾಕ್ ಸುತ್ತಿನ ಒಳಗೆ ಆ ಸ್ವಲ್ಪವೇ ಸೇರಿ ಸೇರಿ ತಂತಿ ಮಂಕಾಗುತ್ತದೆ. ಆಲ್‌ಪಾಸ್ ಹಾಗೆ ಮಾಡುವುದಿಲ್ಲ. ಇಂಥ ಕೆಲಸಗಳಿಗಾಗಿಯೇ ನಾವೇ ಕೋಡ್ ಬರೆಯಬೇಕು ಅನ್ನುವುದು.

ಸರಿ, ಎಷ್ಟು ಸಮಯ ಇದೆ ಅಂತ ಲೆಕ್ಕ ಹಾಕೋಣ. ಟೀನ್ಸಿ 4.1ರಲ್ಲಿ ಇರುವುದು 600 ಮೆಗಾಹರ್ಟ್ಜ್‌ನ ಕಾರ್ಟೆಕ್ಸ್ ಎಂ7 ಪ್ರೊಸೆಸರ್, ಅಂದರೆ ಅದರ ಗಡಿಯಾರ ಸೆಕೆಂಡಿಗೆ 60 ಕೋಟಿ ಸಲ ಬಡಿಯುತ್ತದೆ, ಒಂದೊಂದು ಬಡಿತ ಒಂದು ಸೈಕಲ್. ಅದನ್ನು 48,000ದಿಂದ ಭಾಗಿಸಿದರೆ ಪ್ರತಿ ಸ್ಯಾಂಪಲ್‌ಗೆ 12,500 ಸೈಕಲ್. ಡೈಸಿ ಸೀಡ್ ಬೋರ್ಡಿನ ಎಸ್‌ಟಿಎಂ32 ಎಚ್750 ಚಿಪ್ 480 ಮೆಗಾಹರ್ಟ್ಜ್‌ನಲ್ಲಿ ಓಡಿದರೆ 10,000. ಆರ್‌ಪಿ2040 ಚಿಪ್ 133 ಮೆಗಾಹರ್ಟ್ಜ್‌ನಲ್ಲಿ ಓಡಿದರೆ ಒಂದು ಕೋರಿಗೆ ಸುಮಾರು 2,770. ಕೊನೆಯದನ್ನು ಬೇರೆಯಾಗಿಯೇ ನೋಡಬೇಕು, ಯಾಕೆಂದರೆ ಅದರ ಕಾರ್ಟೆಕ್ಸ್ ಎಂ0 ಪ್ಲಸ್ ಕೋರಿನಲ್ಲಿ ಫ್ಲೋಟ್, ಅಂದರೆ ದಶಮಾಂಶ ಬಿಂದುವಿನ ಸಂಖ್ಯೆಗಳ ಲೆಕ್ಕ, ಮಾಡುವ ಹಾರ್ಡ್‌ವೇರ್ ಇಲ್ಲ. ಎರಡು 32 ಬಿಟ್ ಸಂಖ್ಯೆ ಗುಣಿಸಿದರೆ ಕೆಳಗಿನ 32 ಬಿಟ್ ಮಾತ್ರ ಸಿಗುತ್ತದೆ, ಮೇಲಿನ ಅರ್ಧ ಬೇಕಾದರೆ ಹಲವು ಇನ್‌ಸ್ಟ್ರಕ್ಷನ್ ಸೇರಿಸಿ ನಾವೇ ಕಟ್ಟಿಕೊಳ್ಳಬೇಕು. ಹಾಗಂತ ಅದು ಪ್ರಯೋಜನವಿಲ್ಲ ಅಂತಲ್ಲ. 16 ಬಿಟ್‌ನ ಲೆಕ್ಕದಲ್ಲೇ ನಡೆಯುವ ಸಿಂಥ್, ಸರಳ ಡಿಲೇ, ಡಿಸ್ಟಾರ್ಶನ್ ಎಲ್ಲ ಅದರಲ್ಲಿ ಚೆನ್ನಾಗಿಯೇ ಓಡುತ್ತವೆ.

ಈ ಸೈಕಲ್‌ಗಳಿಂದ ಏನು ಬರುತ್ತದೆ? ಬೈಕ್ವಾಡ್ ಅಂದರೆ ಹಿಂದಿನ ಎರಡು ಇನ್‌ಪುಟ್, ಎರಡು ಔಟ್‌ಪುಟ್ ನೆನಪಿಟ್ಟುಕೊಳ್ಳುವ ಪುಟ್ಟ ಫಿಲ್ಟರ್. ಅದಕ್ಕೆ ಐದು ಗುಣಾಕಾರ, ನಾಲ್ಕು ಕೂಡುವಿಕೆ. ಫ್ಲೋಟ್ ಯೂನಿಟ್ ಇರುವ ಚಿಪ್ಪಿಗೆ ಇದು ಏನೂ ಅಲ್ಲ. ಇನ್‌ಪುಟ್‌ಗಳನ್ನಷ್ಟೇ ಬಳಸುವ ಎಫ್‌ಐಆರ್ ಫಿಲ್ಟರಿಗೆ 512 ಟ್ಯಾಪ್ ಅಂದರೆ ಪ್ರತಿ ಸ್ಯಾಂಪಲ್‌ಗೆ 512 ಸಲ ಗುಣಿಸಿ ಕೂಡಬೇಕು, ಸೆಕೆಂಡಿಗೆ ಸುಮಾರು 2.46 ಕೋಟಿ ಸಲ, ಅದೂ ದೊಡ್ಡ ಚಿಪ್‌ಗಳಲ್ಲಿ ಆರಾಮಾಗಿ ಹಿಡಿಸುತ್ತದೆ. ದುಬಾರಿಯಾಗುವುದು ಭಾಗಾಕಾರ, ಸೈನ್, ಎಕ್ಸ್‌ಪೊನೆನ್ಶಿಯಲ್ ಇಂಥವು. ಕಾರ್ಟೆಕ್ಸ್ ಎಂ4ರಲ್ಲಿ ಒಂದು ಫ್ಲೋಟ್ ಭಾಗಾಕಾರಕ್ಕೇ 14 ಸೈಕಲ್ ಹೋಗುತ್ತದೆ. ಬದಲಾಗದ ಸಂಖ್ಯೆಯಿಂದ ಭಾಗಿಸುವುದಿದ್ದರೆ ಅದರ ವಿಲೋಮವನ್ನು ಒಂದು ಸಲ ಲೆಕ್ಕ ಹಾಕಿಟ್ಟುಕೊಂಡು ಗುಣಿಸಿ.

ಸದ್ದು ಚಿಪ್ಪಿನ ಒಳಗೆ ಬರುವ ದಾರಿಯ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕೋಡೆಕ್ ಚಿಪ್ ಅನಲಾಗ್ ಸದ್ದನ್ನು ಸಂಖ್ಯೆ ಮಾಡಿ ಐಟೂಎಸ್ ತಂತಿಗಳ ಮೇಲೆ ಕಳಿಸುತ್ತದೆ. ಬಿಟ್ ಕ್ಲಾಕ್ ಒಂದು, ಎಡ ಬಲ ಹೇಳುವ ಕ್ಲಾಕ್ ಒಂದು, ಡೇಟಾ ಒಂದು. ಸಾಮಾನ್ಯವಾಗಿ ಇವುಗಳ ಜೊತೆ ಸ್ಯಾಂಪಲ್ ರೇಟಿನ 256 ಪಟ್ಟು ವೇಗದ ಮಾಸ್ಟರ್ ಕ್ಲಾಕ್ ಇರುತ್ತದೆ, 48 ಕಿಲೋಹರ್ಟ್ಜ್‌ಗೆ ಅದು 12.288 ಮೆಗಾಹರ್ಟ್ಜ್. ಕ್ಲಾಕ್ ಕೊಡುವುದು ಚಿಪ್ಪೋ ಕೋಡೆಕ್ಕೋ ಅಂತ ಮೊದಲೇ ನಿರ್ಧರಿಸಿ, ಇಬ್ಬರೂ ಕೊಡಬಾರದು. ಒಳಗೆ ಬಂದ ಸಂಖ್ಯೆಗಳನ್ನು ಡಿಎಂಎ ಅನ್ನುವ ಸಾಗಣೆಯ ಹಾರ್ಡ್‌ವೇರ್ ಸುಮ್ನೆ ಮೆಮೊರಿಗೆ ತುಂಬುತ್ತಾ ಹೋಗುತ್ತದೆ, ಪ್ರೊಸೆಸರನ್ನು ಕೇಳುವುದೂ ಇಲ್ಲ. ಬಫರನ್ನು ಎರಡು ಭಾಗ ಮಾಡಿರುತ್ತೇವೆ. ಮೊದಲ ಅರ್ಧ ತುಂಬಿದಾಗ ಒಂದು ಇಂಟರಪ್ಟ್, ಅಂದರೆ ಪ್ರೊಸೆಸರನ್ನು ಈಗಿನ ಕೆಲಸ ಬಿಡಿಸಿ ಕರೆಯುವ ಸೂಚನೆ, ಎರಡನೆಯದು ತುಂಬಿದಾಗ ಇನ್ನೊಂದು. ಡಿಎಂಎ ಒಂದು ಅರ್ಧ ತುಂಬುವಷ್ಟರಲ್ಲಿ ನಾವು ಇನ್ನೊಂದು ಅರ್ಧ ಮುಗಿಸಿರಬೇಕು.

ಹಾಗಾಗಿ ಗಡುವು ಈಗ ಸ್ಯಾಂಪಲ್‌ಗಲ್ಲ, ಬ್ಲಾಕಿಗೆ. ಬ್ಲಾಕ್ ದೊಡ್ಡದಾದಷ್ಟೂ ಇಂಟರಪ್ಟ್‌ಗೆ ಹೋಗಿ ಬರುವ ಖರ್ಚು ಹಂಚಿಹೋಗುತ್ತದೆ, ಆದರೆ ಲೇಟೆನ್ಸಿ, ಅಂದರೆ ಸದ್ದು ಒಳಗೆ ಬಂದು ಹೊರಗೆ ಹೋಗುವವರೆಗಿನ ತಡ, ಏರುತ್ತದೆ. 44.1 ಕಿಲೋಹರ್ಟ್ಜ್‌ನ 128ರ ಬ್ಲಾಕಿನಲ್ಲಿ ತುಂಬಲು ಒಂದು ಬ್ಲಾಕ್, ಹೊರಡಲು ಒಂದು ಬ್ಲಾಕ್ ಅಂತ ಸುಮಾರು 5.8 ಮಿಲಿಸೆಕೆಂಡ್, ಮೇಲೆ ಕೋಡೆಕ್ಕಿನ ಒಳಗಿನ ಫಿಲ್ಟರ್‌ಗಳ ತಡ ಬೇರೆ. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿಗೆ ಸುಮಾರು ಎರಡು ಮೀಟರ್ ಹೋಗುತ್ತದೆ, ಅಂದರೆ ಆಂಪ್ಲಿಫೈಯರಿನಿಂದ ಎರಡು ಮೀಟರ್ ದೂರ ನಿಂತು ನುಡಿಸಿದಂತೆ. ಗಿಟಾರ್ ಎಫೆಕ್ಟಿಗೆ ಇದು ಸಾಕು ಅನ್ನುವುದು ನನ್ನ ಅನುಭವ. ಡೈಸಿಯಲ್ಲಿ ಮೊದಲಿನಿಂದಲೇ 48 ಸ್ಯಾಂಪಲ್‌ನ ಬ್ಲಾಕ್ ಇರುತ್ತದೆ, 48 ಕಿಲೋಹರ್ಟ್ಜ್‌ನಲ್ಲಿ ಸರಿಯಾಗಿ 1 ಮಿಲಿಸೆಕೆಂಡ್.

ಈಗ ನನಗೆ ಅತಿ ಮುಖ್ಯ ಅನಿಸುವ ಮಾತು. ಸಿಪಿಯು ಬಳಕೆ ಸರಾಸರಿ 40 ಪರ್ಸೆಂಟ್ ಇದೆ, ಇನ್ನೂ ಬೇಕಾದಷ್ಟು ಜಾಗ ಇದೆ ಅಂತ ಯಾರಾದರೂ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಆಡಿಯೋದಲ್ಲಿ ಸರಾಸರಿಗೆ ಅರ್ಥವಿಲ್ಲ. ನೋಡಬೇಕಾದ್ದು ಎಲ್ಲಕ್ಕಿಂತ ಕೆಟ್ಟ ಬ್ಲಾಕನ್ನು. ನೂರು ಬ್ಲಾಕುಗಳಲ್ಲಿ 99 ಬೇಗ ಮುಗಿದು ಒಂದು ಗಡುವು ದಾಟಿದರೂ, 2.9 ಮಿಲಿಸೆಕೆಂಡಿನ ಬ್ಲಾಕ್ ಲೆಕ್ಕದಲ್ಲಿ ಸೆಕೆಂಡಿಗೆ ಮೂರು ಸಲ ಟಕ್ ಟಕ್ ಅನ್ನುತ್ತದೆ. ಕೆಟ್ಟ ಬ್ಲಾಕ್ ಎಲ್ಲಿಂದ ಬರುತ್ತದೆ ಅಂದರೆ, ಸದ್ದಿನಲ್ಲಿ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ಲೆಕ್ಕ ಹಾಕುವ 1024 ಬಿಂದುಗಳ ಎಫ್‌ಎಫ್‌ಟಿ ಎಂಟು ಬ್ಲಾಕಿಗೊಮ್ಮೆ ಓಡುತ್ತಿರಬಹುದು, ಏಳು ಬ್ಲಾಕ್ ಸುಮ್ನೆ ಕೂತು ಎಂಟನೆಯದರ ತಲೆ ಮೇಲೆ ಇಡೀ ಭಾರ ಬೀಳುತ್ತದೆ. ನಾಬ್ ತಿರುಗಿದಾಗ ಮಾತ್ರ ಫಿಲ್ಟರಿನ ಕೋಎಫಿಶಿಯೆಂಟ್, ಅಂದರೆ ಅದು ಗುಣಿಸಲು ಬಳಸುವ ಸಂಖ್ಯೆಗಳನ್ನು, ಮತ್ತೆ ಲೆಕ್ಕ ಹಾಕುವ ಕೋಡ್ ಇರಬಹುದು, ಅದರೊಳಗೆ ಸೈನ್, ಕೊಸೈನ್, ಭಾಗಾಕಾರ ಎಲ್ಲ ಇರುತ್ತವೆ. ಆರ್‌ಪಿ2040 ಥರದ ಚಿಪ್ಪಿನಲ್ಲಿ ಕೋಡ್ ಹೊರಗಿನ ಫ್ಲ್ಯಾಶಿನಿಂದ 16 ಕಿಲೋಬೈಟ್ ಕ್ಯಾಶ್, ಅಂದರೆ ಈಚೆಗೆ ಬಳಸಿದ್ದನ್ನು ಹತ್ತಿರ ಇಟ್ಟುಕೊಳ್ಳುವ ವೇಗದ ಮೆಮೊರಿ, ಅದರ ಮೂಲಕ ಓಡುತ್ತದೆ, ಅಪರೂಪಕ್ಕೆ ಕರೆಯುವ ಫಂಕ್ಷನ್ ಕ್ಯಾಶಿನಲ್ಲಿ ಇಲ್ಲದಿದ್ದರೆ ಅದನ್ನು ತರುವುದಕ್ಕೇ ಹೊತ್ತು ಹೋಗುತ್ತದೆ. ಇಂಥ ಕಡೆ ಆಡಿಯೋ ಫಂಕ್ಷನ್‌ಗಳನ್ನು ರ‍್ಯಾಮ್‌ನಲ್ಲಿ ಇಡಲು ಹೇಳುವುದು ಒಳ್ಳೆಯದು.

ಅಳೆಯುವುದು ಕಷ್ಟವಲ್ಲ. ಕಾರ್ಟೆಕ್ಸ್ ಎಂ4, ಎಂ7 ಚಿಪ್‌ಗಳಲ್ಲಿ ಸೈಕಲ್ ಎಣಿಸುವ ಒಂದು ಕೌಂಟರ್ ಇದೆ. ಬ್ಲಾಕ್ ಶುರುವಾದಾಗ ಓದಿ, ಮುಗಿದಾಗ ಓದಿ, ವ್ಯತ್ಯಾಸ ತೆಗೆಯಿರಿ, ಇದುವರೆಗಿನ ಗರಿಷ್ಠಕ್ಕಿಂತ ಜಾಸ್ತಿ ಇದ್ದರೆ ನೆನಪಿಟ್ಟುಕೊಳ್ಳಿ. ಅಷ್ಟೇ. 600 ಮೆಗಾಹರ್ಟ್ಜ್‌ನಲ್ಲಿ ಈ 32 ಬಿಟ್ ಕೌಂಟರ್ ಸುಮಾರು 7 ಸೆಕೆಂಡಿಗೊಮ್ಮೆ ತಿರುಗಿ ಸೊನ್ನೆಗೆ ಬರುತ್ತದೆ, ಆದರೆ ಅನ್‌ಸೈನ್ಡ್ ಆಗಿ ಕಳೆದರೆ ತೊಂದರೆ ಇಲ್ಲ. ಟೀನ್ಸಿ ಲೈಬ್ರರಿಯಲ್ಲಂತೂ ಗರಿಷ್ಠ ಬಳಕೆ ಹೇಳುವ ಫಂಕ್ಷನ್ ಸಿದ್ಧವಾಗಿಯೇ ಇದೆ. ಆಸಿಲೋಸ್ಕೋಪ್ ಇದ್ದರೆ ಇನ್ನೂ ಚೆನ್ನ. ಬ್ಲಾಕಿನ ಶುರುವಿನಲ್ಲಿ ಒಂದು ಪಿನ್ ಮೇಲೆತ್ತಿ, ಕೊನೆಯಲ್ಲಿ ಇಳಿಸಿ. ಎಲ್ಲ ನಾಬ್ ತಿರುಗಿಸುತ್ತಾ, ಯುಎಸ್‌ಬಿ ಕೂಡ ಓಡುತ್ತಿರುವಾಗ ನೋಡಿ. ಪಲ್ಸಿನ ಅಗಲ ಎಲ್ಲಿ ಉಬ್ಬುತ್ತದೋ ಅಲ್ಲೇ ನಿಮ್ಮ ಕೆಲಸ ಇದೆ. ದೊಡ್ಡ ಕೆಲಸವನ್ನು ಹಲವು ಬ್ಲಾಕುಗಳಿಗೆ ಹಂಚಿ, ಸರಾಸರಿ ಸ್ವಲ್ಪ ಏರಿದರೂ ಪರವಾಗಿಲ್ಲ. ಆಡಿಯೋ ಇಂಟರಪ್ಟ್ ಒಳಗೆ ಮೆಮೊರಿ ಅಲೊಕೇಶನ್, ಸೀರಿಯಲ್ ಪ್ರಿಂಟ್, ಎಸ್‌ಡಿ ಕಾರ್ಡ್ ಓದುವುದು ಯಾವುದೂ ಬೇಡ. ಅವು ಎಷ್ಟು ಹೊತ್ತು ತಗೊಳ್ಳುತ್ತವೆ ಅಂತ ಯಾರೂ ಮಾತು ಕೊಡುವುದಿಲ್ಲ.

ಸಂಖ್ಯೆಗಳ ವಿಷಯಕ್ಕೆ ಬರೋಣ. ಹಳೆಯ ಕೋಡ್ ನೋಡಿದರೆ ಎಲ್ಲೆಲ್ಲೂ ಕ್ಯೂ15 ಕಾಣುತ್ತದೆ. −32768ರಿಂದ 32767ರವರೆಗಿನ 16 ಬಿಟ್ ಇಂಟಿಜರನ್ನು −1ರಿಂದ 1ರ ಒಳಗಿನ ಭಿನ್ನಾಂಶ ಅಂತ ಓದುವುದು. ಎರಡನ್ನು ಗುಣಿಸಿ 15 ಬಿಟ್ ಬಲಕ್ಕೆ ಸರಿಸಿದರೆ ಉತ್ತರ. ವೇಗ ಇದೆ, ಎಂ4ರಲ್ಲಿ ಎರಡು 16 ಬಿಟ್ ಗುಣಾಕಾರವನ್ನು ಒಟ್ಟಿಗೆ ಮಾಡಿ ಕೂಡುವ ಇನ್‌ಸ್ಟ್ರಕ್ಷನ್ನೇ ಇದೆ. ಆದರೆ ಫಿಲ್ಟರಿನ ಕಟಾಫ್, ಅಂದರೆ ಅದು ಸದ್ದನ್ನು ಕತ್ತರಿಸಲು ಶುರುಮಾಡುವ ಫ್ರೀಕ್ವೆನ್ಸಿ, ಕೆಳಗೆ ಇಳಿದಾಗ ಕ್ಯೂ15 ಕೈ ಕೊಡುತ್ತದೆ. 48 ಕಿಲೋಹರ್ಟ್ಜ್‌ನಲ್ಲಿ 50 ಹರ್ಟ್ಜ್‌ನ ಸಾಮಾನ್ಯ ಲೋಪಾಸ್ ಬೈಕ್ವಾಡ್, ಅಂದರೆ ಕಟಾಫ್‌ಗಿಂತ ಕೆಳಗಿನದನ್ನು ಬಿಟ್ಟು ಮೇಲಿನದನ್ನು ತಡೆಯುವ ಫಿಲ್ಟರ್, ತಗೊಳ್ಳಿ. ಅದರ ಮೊದಲ ಕೋಎಫಿಶಿಯೆಂಟ್ ಸುಮಾರು 0.0000107. ಕ್ಯೂ15ರಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ 0.0000305. ಅಂದರೆ ಅದು ಸೊನ್ನೆಯಾಗಿಬಿಡುತ್ತದೆ. ಅದೇ ಹೊತ್ತಿಗೆ ಫೀಡ್‌ಬ್ಯಾಕ್ ಕಡೆಯ ಒಂದು ಕೋಎಫಿಶಿಯೆಂಟ್ ಸುಮಾರು −1.99, ಅದು ಕ್ಯೂ15ರ ಒಳಗೆ ಹಿಡಿಸುವುದೇ ಇಲ್ಲ. ಒಂದೇ ಫಿಲ್ಟರಿನಲ್ಲಿ ಇಷ್ಟು ದೊಡ್ಡದೂ ಇಷ್ಟು ಚಿಕ್ಕದೂ ಇರುವಾಗ 16 ಬಿಟ್ ಸಾಲುವುದಿಲ್ಲ. 32 ಬಿಟ್ ಕೋಎಫಿಶಿಯೆಂಟ್, 64 ಬಿಟ್ ಮೊತ್ತ ಇಟ್ಟುಕೊಳ್ಳಬೇಕು, ಇಲ್ಲವೇ ಫ್ಲೋಟ್ ಬಳಸಬೇಕು.

ಫ್ಲೋಟ್ ಯೂನಿಟ್ ಇದ್ದರೆ ನಾನು ಫ್ಲೋಟ್ ಬಿಟ್ಟು ಬೇರೆ ಯೋಚಿಸುವುದಿಲ್ಲ. 24 ಬಿಟ್‌ನ ನಿಖರತೆ ಇದೆ, ಚಿಕ್ಕದಕ್ಕೂ ದೊಡ್ಡದಕ್ಕೂ ಹೊಂದಿಕೊಳ್ಳುತ್ತದೆ, ಮಧ್ಯದಲ್ಲಿ 1 ದಾಟಿದರೂ ಒಡೆಯುವುದಿಲ್ಲ. ಎಚ್ಚರ ಬೇಕಾದ್ದು ಮೂರು ಕಡೆ. ಒಂದು, ಸಿ ಭಾಷೆಯಲ್ಲಿ 0.5 ಅಂತ ಬರೆದರೆ ಅದು 64 ಬಿಟ್‌ನ ಡಬಲ್, ಕೊನೆಗೆ ಎಫ್ ಅಕ್ಷರ ಸೇರಿಸಿದರೆ ಮಾತ್ರ 32 ಬಿಟ್‌ನ ಫ್ಲೋಟ್. ಕಾರ್ಟೆಕ್ಸ್ ಎಂ4ರ ಹಾರ್ಡ್‌ವೇರಿಗೆ ಡಬಲ್ ಬರುವುದಿಲ್ಲ, ಆ ಒಂದು ಅಕ್ಷರ ಬಿಟ್ಟುಹೋದರೆ ಇಡೀ ಸಾಲಿನ ಲೆಕ್ಕ ಸಾಫ್ಟ್‌ವೇರಿನಲ್ಲಿ ನಡೆದು ಎಷ್ಟೋ ಪಟ್ಟು ನಿಧಾನವಾಗುತ್ತದೆ, ಸದ್ದಿನಲ್ಲಿ ಏನೂ ವ್ಯತ್ಯಾಸ ಇಲ್ಲದ್ದರಿಂದ ಗೊತ್ತೂ ಆಗುವುದಿಲ್ಲ. ಫ್ಲೋಟ್ ಡಬಲ್ ಆಗಿ ಬದಲಾದಾಗ ಎಚ್ಚರಿಸುವ ವಾರ್ನಿಂಗ್ ಜಿಸಿಸಿ ಕಂಪೈಲರಿನಲ್ಲಿ ಇದೆ, ಅದನ್ನು ಹಾಕಿಕೊಳ್ಳಿ. ಎರಡು, ಹೊರಗೆ ಹೋಗುವಾಗ ಮತ್ತೆ 16 ಬಿಟ್‌ಗೆ ಇಳಿಸುವ ಮೊದಲು ಮಿತಿ ಹಾಕಿ. 40000 ಅನ್ನುವ ಬೆಲೆಯನ್ನು ಸುಮ್ನೆ 16 ಬಿಟ್‌ಗೆ ತುರುಕಿದರೆ ಅದು −25536 ಆಗುತ್ತದೆ, ಸ್ಪೀಕರಿಗೂ ಕಿವಿಗೂ ಅದು ಒಳ್ಳೆಯದಲ್ಲ. ಮೂರು, ಎನ್‌ಎಎನ್, ಅಂದರೆ ಸಂಖ್ಯೆಯೇ ಅಲ್ಲದ ಬೆಲೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿಯೋ ಋಣ ಸಂಖ್ಯೆಯ ವರ್ಗಮೂಲ ತೆಗೆದೋ ಅದು ಒಮ್ಮೆ ಫೀಡ್‌ಬ್ಯಾಕ್ ಸುತ್ತಿನ ಒಳಗೆ ಹೊಕ್ಕರೆ ಮತ್ತೆ ಹೊರಗೆ ಹೋಗುವುದೇ ಇಲ್ಲ, ಮುಟ್ಟಿದ್ದೆಲ್ಲ ಎನ್‌ಎಎನ್ ಆಗುತ್ತದೆ, ಪವರ್ ತೆಗೆಯುವವರೆಗೂ ಸದ್ದು ಬರುವುದಿಲ್ಲ. ಬ್ಲಾಕಿಗೊಂದು ಸಲ ಫಿಲ್ಟರಿನ ನೆನಪನ್ನು ಪರೀಕ್ಷಿಸಿ, ಕೆಟ್ಟಿದ್ದರೆ ಸೊನ್ನೆ ಮಾಡಿ.

ಬೈಕ್ವಾಡ್ ಬಗ್ಗೆ ಇನ್ನೊಂದು ಮಾತು. ರಾಬರ್ಟ್ ಬ್ರಿಸ್ಟೋ-ಜಾನ್ಸನ್ ಬರೆದಿಟ್ಟ ಸೂತ್ರಗಳಿಂದಲೇ ಜಗತ್ತಿನ ಬಹುಪಾಲು ಜನ ಕೋಎಫಿಶಿಯೆಂಟ್ ತೆಗೆಯುವುದು. ಆರ್ಮ್‌ನ ಸಿಎಂಎಸ್‌ಐಎಸ್ ಡಿಎಸ್‌ಪಿ ಲೈಬ್ರರಿಯ ಬೈಕ್ವಾಡ್ ವೇಗವಾಗಿದೆ, ಬಳಸಬಹುದು, ಆದರೆ ಅದು ಫೀಡ್‌ಬ್ಯಾಕ್ ಕಡೆಯ ಎರಡು ಕೋಎಫಿಶಿಯೆಂಟ್‌ಗಳನ್ನು ಕಳೆಯುವುದಿಲ್ಲ, ಕೂಡುತ್ತದೆ. ಸೂತ್ರದಿಂದ ಬಂದ ಬೆಲೆಗಳ ಚಿಹ್ನೆ ತಿರುಗಿಸಿ ಕೊಡಬೇಕು. ಇನ್ನು ಕಟಾಫ್ ಸದಾ ಓಡಾಡುವ ಫಿಲ್ಟರ್ ಬೇಕಾದರೆ, ಗಿಟಾರಿನ ವಾವಾ ಎಫೆಕ್ಟ್ ಥರದ್ದು, ನಾನು ಬೈಕ್ವಾಡ್ ಬಿಟ್ಟು ಸ್ಟೇಟ್ ವೇರಿಯಬಲ್ ಫಿಲ್ಟರ್ ಹಾಕುತ್ತೇನೆ. ಕಟಾಫ್ ಬೇಗ ಬೇಗ ಬದಲಾದರೂ ಅದು ಕಿರುಚುವುದಿಲ್ಲ, ಲೋಪಾಸ್, ಬ್ಯಾಂಡ್‌ಪಾಸ್, ಹೈಪಾಸ್ ಮೂರೂ ಒಟ್ಟಿಗೆ ಸಿಗುತ್ತವೆ.

ನಾಬ್‌ಗಳು ಸಣ್ಣ ವಿಷಯ ಅನಿಸುತ್ತವೆ, ಆದರೆ ಕೇಳುವವರಿಗೆ ಕೆಲಸದ ಗುಣಮಟ್ಟ ಗೊತ್ತಾಗುವುದೇ ಅಲ್ಲಿ. ವಾಲ್ಯೂಮ್ ಬೆಲೆ ಬ್ಲಾಕಿನಿಂದ ಬ್ಲಾಕಿಗೆ ಮೆಟ್ಟಿಲು ಮೆಟ್ಟಿಲಾಗಿ ಬದಲಾದರೆ ಜಿಪ್ ಎಳೆದಂಥ ಸದ್ದು ಬರುತ್ತದೆ. ಪರಿಹಾರ ಒಂದೇ ಸಾಲು. ಪ್ರತಿ ಸ್ಯಾಂಪಲ್‌ನಲ್ಲೂ ಈಗಿನ ಬೆಲೆಯನ್ನು ಗುರಿಯ ಕಡೆಗೆ ಸ್ವಲ್ಪ ಸರಿಸಿ, ಅಂದರೆ ಗುರಿಯಿಂದ ಈಗಿನದನ್ನು ಕಳೆದು, ಒಂದು ಚಿಕ್ಕ ಸಂಖ್ಯೆಯಿಂದ ಗುಣಿಸಿ, ಈಗಿನದಕ್ಕೆ ಕೂಡಿ. 48 ಕಿಲೋಹರ್ಟ್ಜ್‌ನಲ್ಲಿ 10 ಮಿಲಿಸೆಕೆಂಡಿನ ನಯ ಬೇಕಾದರೆ ಆ ಚಿಕ್ಕ ಸಂಖ್ಯೆ 0.00208. ಪೊಟೆನ್ಶಿಯೋಮೀಟರಿನಿಂದ ಬರುವ ಬೆಲೆ ಸುಮ್ನೆ ಇದ್ದಾಗಲೂ ನಡುಗುತ್ತಿರುತ್ತದೆ, ಆ ನಡುಕವೂ ಇದರಲ್ಲೇ ಬಹುಮಟ್ಟಿಗೆ ಅಡಗುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ನಾಬ್ ಓದುವುದು ಮುಖ್ಯ ಲೂಪ್, ಫಿಲ್ಟರ್ ಓಡುವುದು ಇಂಟರಪ್ಟ್. ಮುಖ್ಯ ಲೂಪ್ ಐದು ಕೋಎಫಿಶಿಯೆಂಟ್‌ಗಳಲ್ಲಿ ಮೂರನ್ನು ಬರೆದಿರುವಾಗಲೇ ಇಂಟರಪ್ಟ್ ಬಂದರೆ, ಅರ್ಧ ಹಳೆಯ ಅರ್ಧ ಹೊಸ ಫಿಲ್ಟರ್ ಓಡುತ್ತದೆ. ಅದು ಸ್ಥಿರವಾಗಿ ಇರಲೇಬೇಕು ಅಂತ ಯಾವ ನಿಯಮವೂ ಇಲ್ಲ. 32 ಬಿಟ್‌ನ ಒಂದು ಬೆಲೆ ಬರೆಯುವುದು ಒಂದೇ ಏಟಿಗೆ ಮುಗಿಯುತ್ತದೆ, ಐದು ಬೆಲೆ ಹಾಗಲ್ಲ. ನಾನು ಎರಡು ಸೆಟ್ ಇಟ್ಟುಕೊಳ್ಳುತ್ತೇನೆ. ಬಳಕೆಯಲ್ಲಿ ಇಲ್ಲದ ಸೆಟ್‌ಗೆ ಐದೂ ಬರೆದು, ಕೊನೆಯಲ್ಲಿ ಯಾವ ಸೆಟ್ ಅನ್ನುವ ಒಂದೇ ಸಂಖ್ಯೆ ಬದಲಿಸುತ್ತೇನೆ, ಆಡಿಯೋ ಇಂಟರಪ್ಟ್ ಬ್ಲಾಕಿನ ಶುರುವಿನಲ್ಲಿ ಮಾತ್ರ ಅದನ್ನು ಓದುತ್ತದೆ.

ಡಿಸ್ಟಾರ್ಶನ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಕೋಡ್ ಪುಟ್ಟದಾಗಿದ್ದು ಸಮಸ್ಯೆ ದೊಡ್ಡದಾಗಿರುವುದು ಇದರಲ್ಲೇ. ಸ್ಯಾಂಪಲ್ ಬೆಲೆಯನ್ನು ಟ್ಯಾನ್‌ಎಚ್ ಥರದ ಬಾಗಿದ ಗೆರೆಯ ಮೂಲಕ ಕಳಿಸಿದರೆ ಬೆಚ್ಚಗಿನ ಓವರ್‌ಡ್ರೈವ್. ಟ್ಯಾನ್‌ಎಚ್ ದುಬಾರಿ, ಅದರ ಬದಲು ಒಂದು ಅಂದಾಜು ಸೂತ್ರ ಇದೆ. ಬೆಲೆಯ ವರ್ಗ ತೆಗೆದು, 27ಕ್ಕೆ ಆ ವರ್ಗ ಕೂಡಿ ಬೆಲೆಯಿಂದ ಗುಣಿಸಿ, ಅದನ್ನು 27 ಮತ್ತು ವರ್ಗದ 9 ಪಟ್ಟಿನ ಮೊತ್ತದಿಂದ ಭಾಗಿಸಿ. ಬೆಲೆ 3 ಆದಾಗ ಉತ್ತರ ಸರಿಯಾಗಿ 1 ಬರುತ್ತದೆ, ಹಾಗಾಗಿ ±3ಕ್ಕೆ ಮಿತಿ ಹಾಕಿದರೆ ಆಯಿತು. ಒಂದೇ ಭಾಗಾಕಾರ, ಕಿವಿಗೆ ವ್ಯತ್ಯಾಸ ಸಿಗುವುದು ಕಷ್ಟ.

ಸಮಸ್ಯೆ ಎಲ್ಲಿ ಅಂದರೆ, ಬಾಗಿದ ಗೆರೆ ಹೊಸ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಫ್ರೀಕ್ವೆನ್ಸಿಯ ಪಟ್ಟುಗಳನ್ನು, ಹುಟ್ಟಿಸುತ್ತದೆ. 10 ಕಿಲೋಹರ್ಟ್ಜ್ ಟೋನ್ ಕೊಟ್ಟರೆ 30, 50, 70 ಕಿಲೋಹರ್ಟ್ಜ್‌ನಲ್ಲಿ ಹುಟ್ಟುತ್ತವೆ. ಆದರೆ 48 ಕಿಲೋಹರ್ಟ್ಜ್ ವ್ಯವಸ್ಥೆಯಲ್ಲಿ ಅದರ ಅರ್ಧ, ಅಂದರೆ 24ಕ್ಕಿಂತ ಮೇಲೆ ಜಾಗ ಇಲ್ಲ. ಅವು ಮಡಚಿ ಕೆಳಗೆ ಬೀಳುತ್ತವೆ, ಇದಕ್ಕೇ ಅಲಿಯಾಸಿಂಗ್ ಅನ್ನುವುದು. 30 ಇದ್ದದ್ದು 18 ಆಗುತ್ತದೆ. 50 ಇದ್ದದ್ದು 2 ಆಗುತ್ತದೆ! 10 ಕಿಲೋಹರ್ಟ್ಜ್ ಸದ್ದಿಗೆ 2 ಕಿಲೋಹರ್ಟ್ಜ್‌ನ ಜೊತೆ ಯಾವ ಸಂಬಂಧವೂ ಇಲ್ಲ, ಕೇಳಲು ಅದು ಅಸಹ್ಯ. ಅನಲಾಗ್ ಪೆಡಲಿನ ಮುಂದೆ ಡಿಜಿಟಲ್ ಡಿಸ್ಟಾರ್ಶನ್ ಕರ್ಕಶ ಅಂತ ಜನ ಹೇಳುವುದಕ್ಕೆ ದೊಡ್ಡ ಕಾರಣ ಇದೇ ಅಂತ ನಾನು ನಂಬಿದ್ದೇನೆ. ಪರಿಹಾರ ಓವರ್‌ಸ್ಯಾಂಪ್ಲಿಂಗ್. ನಾಲ್ಕು ಪಟ್ಟು ಏರಿಸಿ 192 ಕಿಲೋಹರ್ಟ್ಜ್‌ನಲ್ಲಿ ಬಾಗಿಸಿ. ಆಗ 30, 50, 70, 90 ಎಲ್ಲವೂ ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ, ಒಂದು ಲೋಪಾಸ್ ಫಿಲ್ಟರಿನಿಂದ ಅವನ್ನು ತೆಗೆದು ಮತ್ತೆ 48ಕ್ಕೆ ಇಳಿಸಬಹುದು. ಈ ಟೋನಿನಲ್ಲಿ 2 ಕಿಲೋಹರ್ಟ್ಜ್‌ಗೆ ಬಂದು ಬೀಳಬೇಕಾದರೆ ಈಗ 19ನೇ ಹಾರ್ಮೋನಿಕ್ ಬೇಕು, ಅದು ತುಂಬ ದುರ್ಬಲ. ಖರ್ಚು ನಾಲ್ಕು ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಏರಿಸುವ ಇಳಿಸುವ ಫಿಲ್ಟರುಗಳೂ ಸೇರಿ. 12,500 ಸೈಕಲ್‌ಗಳಲ್ಲಿ ಒಂದು ಪಾಲು ಇದಕ್ಕೆ ಹೋಗುವುದು ನ್ಯಾಯ. ರಿವರ್ಬ್ ಸ್ವಲ್ಪ ಚಿಕ್ಕದಾದರೂ ಸರಿ, ನಾನು ಓವರ್‌ಸ್ಯಾಂಪ್ಲಿಂಗ್ ಬಿಡುವುದಿಲ್ಲ.

ಮೆಮೊರಿ. ಒಂದು ಸೆಕೆಂಡಿನ ಮೋನೋ ಡಿಲೇಗೆ ಫ್ಲೋಟ್‌ನಲ್ಲಿ 192 ಕಿಲೋಬೈಟ್, 16 ಬಿಟ್‌ನಲ್ಲಿ 96. ಆರ್‌ಪಿ2040ರಲ್ಲಿ ಇರುವುದೇ ಒಟ್ಟು 264 ಕಿಲೋಬೈಟ್. ಡೈಸಿಯ ಮೇಲೆ 64 ಮೆಗಾಬೈಟ್ ಎಸ್‌ಡಿರ‍್ಯಾಮ್ ಇದೆ, ಫ್ಲೋಟ್‌ನಲ್ಲೇ ಐದು ನಿಮಿಷಕ್ಕೂ ಜಾಸ್ತಿ ಹಿಡಿಯುತ್ತದೆ, ಲೂಪರ್ ಮಾಡಲು ಹೇಳಿ ಮಾಡಿಸಿದಂತಿದೆ, ಆದರೆ ಒಳಗಿನ ಮೆಮೊರಿಯಷ್ಟು ವೇಗ ಇಲ್ಲ. ಪದೇ ಪದೇ ಮುಟ್ಟುವ ಫಿಲ್ಟರ್ ನೆನಪು, ಕೋಎಫಿಶಿಯೆಂಟ್ ಎಲ್ಲ ಒಳಗೆ ಇರಲಿ, ಉದ್ದದ ಡಿಲೇ ಹೊರಗೆ ಹೋಗಲಿ.

ಕಾರ್ಟೆಕ್ಸ್ ಎಂ7ರಲ್ಲಿ ಡೇಟಾ ಕ್ಯಾಶ್ ಇದೆ ಅನ್ನುವುದು ನೆನಪಿರಬೇಕು. ಡಿಎಂಎ ಮೆಮೊರಿಗೆ ನೇರವಾಗಿ ಬರೆಯುತ್ತದೆ, ಪ್ರೊಸೆಸರ್ ಮಾತ್ರ ಕ್ಯಾಶಿನಲ್ಲಿ ಉಳಿದಿರುವ ಹಳೆಯ ಪ್ರತಿ ಓದುತ್ತಿರುತ್ತದೆ. ಕೋಡ್ ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ, ಸದ್ದು ಮಾತ್ರ ಚೂರು ಚೂರಾಗಿರುತ್ತದೆ. ಓದುವ ಮೊದಲು ಆ ಭಾಗದ ಕ್ಯಾಶನ್ನು ಅಮಾನ್ಯ ಮಾಡಬೇಕು, ಬರೆದ ಮೇಲೆ ಮೆಮೊರಿಗೆ ತಳ್ಳಬೇಕು, ಬಫರ್ 32 ಬೈಟ್‌ನ ಗಡಿಯಲ್ಲಿ ಶುರುವಾಗಿ ಅದೇ ಗಡಿಯಲ್ಲಿ ಮುಗಿಯಬೇಕು. ಇಲ್ಲವೇ ಬಫರನ್ನು ಕ್ಯಾಶ್ ಇಲ್ಲದ ಜಾಗದಲ್ಲಿ ಇಡಿ. ಟೀನ್ಸಿ 4ರ ಡಿಟಿಸಿಎಂ, ಅಂದರೆ ಕೋರಿಗೆ ನೇರವಾಗಿ ಅಂಟಿದ ಮೆಮೊರಿ, ಅಂಥ ಜಾಗ. ಎಸ್‌ಟಿಎಂ32 ಎಚ್7ರಲ್ಲೂ ಡಿಟಿಸಿಎಂ ಇದೆ, ಆದರೆ ಅಲ್ಲಿನ ಡಿಎಂಎ1 ಮತ್ತು ಡಿಎಂಎ2ಗೆ ಆ ಮೆಮೊರಿ ಕಾಣುವುದೇ ಇಲ್ಲ, ಹಾಗಾಗಿ ಒಂದು ಚಿಪ್ಪಿನ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ.

ಕೊನೆಯದು ಪರೀಕ್ಷೆ. ಸದ್ದು ಮಾಡುವ ಕೋಡನ್ನು ಹಾರ್ಡ್‌ವೇರಿನಿಂದ ಪೂರ್ತಿ ಬೇರೆ ಇಡಿ. ನನ್ನ ಎಲ್ಲ ಎಫೆಕ್ಟುಗಳೂ ಒಂದೇ ರೂಪದ ಫಂಕ್ಷನ್, ಒಂದು ಬ್ಲಾಕ್ ಒಳಗೆ, ಒಂದು ಬ್ಲಾಕ್ ಹೊರಗೆ, ಮಧ್ಯೆ ಪಿನ್ ಇಲ್ಲ, ಟೈಮರ್ ಇಲ್ಲ, ಏನೂ ಇಲ್ಲ. ಅದೇ ಫೈಲನ್ನು ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿ ಡಬ್ಲ್ಯುಎವಿ ಫೈಲ್ ಓಡಿಸಬಹುದು. ಮೊದಲು ಒಂದೇ ಒಂದು ಸ್ಯಾಂಪಲ್ 1, ಉಳಿದದ್ದೆಲ್ಲ ಸೊನ್ನೆ ಇರುವ ಇಂಪಲ್ಸ್ ಕೊಡುತ್ತೇನೆ, ಹೊರಗೆ ಬರುವುದನ್ನು ಎಫ್‌ಎಫ್‌ಟಿ ಮಾಡಿದರೆ ಫಿಲ್ಟರಿನ ಇಡೀ ಚಿತ್ರ ಸಿಗುತ್ತದೆ. ಆಮೇಲೆ 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ಗೆ ಏರುವ ಸೈನ್ ಸ್ವೀಪ್ ಕೊಟ್ಟು ಸ್ಪೆಕ್ಟ್ರೋಗ್ರಾಮ್ ನೋಡುತ್ತೇನೆ. ಟೋನ್ ಮೇಲೆ ಏರುತ್ತಿರುವಾಗ ಕೆಳಗೆ ಇಳಿಯುವ ಗೆರೆ ಕಂಡರೆ ಅದು ಅಲಿಯಾಸಿಂಗ್.

ಬೋರ್ಡಿನ ಮೇಲೆ ಮಾತ್ರ ಕ್ರಮ ಬೇರೆ. ಮೊದಲು ಒಳಗೆ ಬಂದದ್ದನ್ನು ಹಾಗೇ ಹೊರಗೆ ಕಳಿಸುವ ಕೋಡ್, ಅದು ತುಂಬ ಹೊತ್ತು ಒಂದೇ ಒಂದು ಟಕ್ ಇಲ್ಲದೆ ಓಡುವವರೆಗೆ ಎಫೆಕ್ಟ್ ಬರೆಯುವುದೇ ಇಲ್ಲ. ಆಮೇಲೆ ಬೋರ್ಡಿನ ಮೆಮೊರಿಯಲ್ಲೇ ಗೊತ್ತಿರುವ ಒಂದು ಬ್ಲಾಕ್ ಗದ್ದಲ ಇಟ್ಟು, ಕೋಡೆಕ್ ಬದಲು ಅದನ್ನೇ ಫಂಕ್ಷನ್ನಿಗೆ ಕೊಟ್ಟು, ಬಂದ ಉತ್ತರವನ್ನು ಕಂಪ್ಯೂಟರಿನ ಉತ್ತರದಿಂದ ಕಳೆಯುತ್ತೇನೆ. ಇಂಟಿಜರ್ ಕೋಡ್ ಆದರೆ ಎಲ್ಲವೂ ಸೊನ್ನೆ ಬರಬೇಕು. ಫ್ಲೋಟ್ ಆದರೆ ಕಂಪೈಲರ್ ಗುಣಾಕಾರ ಮತ್ತು ಕೂಡುವಿಕೆಯನ್ನು ಒಂದೇ ಇನ್‌ಸ್ಟ್ರಕ್ಷನ್ ಆಗಿ ಬೆಸೆದಿರಬಹುದು, ಹಾಗಾಗಿ ಕೊನೆಯ ಒಂದೆರಡು ಬಿಟ್ ಆಚೀಚೆ ಇದ್ದರೆ ಚಿಂತೆ ಇಲ್ಲ, ಅದಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡರೆ ನಾನು ಮೊದಲು ನೋಡುವುದು ಕಂಪೈಲರ್ ಆಪ್ಶನ್‌ಗಳನ್ನು, ಆಮೇಲೆ ಬ್ಲಾಕಿನ ಗಡಿಯಲ್ಲಿ ಫಿಲ್ಟರ್ ತನ್ನ ನೆನಪನ್ನು ಸರಿಯಾಗಿ ಉಳಿಸಿಕೊಂಡಿದೆಯಾ ಅನ್ನುವುದನ್ನು.